ಎಂಟು ಜನರ ಹಬ್ಬದ ಊಟ: ಕೊನೆಯ ಒಂದು ಗಂಟೆಯನ್ನು ಖಾಲಿ ಇಟ್ಟುಕೊಳ್ಳಿ

ಪ್ರಶ್ನೆ: ಹಬ್ಬದ ರಜೆಗೆ ಆರು ಜನ ರಾತ್ರಿ ಊಟಕ್ಕೆ ಬರುತ್ತಿದ್ದಾರೆ. ನಾವಿಬ್ಬರು ಸೇರಿದರೆ ಎಂಟು. ಅಡುಗೆಮನೆ ಚಿಕ್ಕದು, ಒಲೆಗೆ ಇರುವುದು ಎರಡೇ ಬರ್ನರ್. ಖರ್ಚು ಕೈಮೀರಬಾರದು. ಹೋದ ಸಲ ಎಲ್ಲರೂ ಹರಟುತ್ತಾ ಕೂತಿದ್ದರೆ ನಾನು ಒಲೆ ಮುಂದೆಯೇ ನಿಂತಿದ್ದೆ, ಊಟಕ್ಕೆ ಕೂರುವ ಹೊತ್ತಿಗೆ ಹಸಿವೇ ಸತ್ತುಹೋಗಿತ್ತು. ಬರುವವರಲ್ಲಿ ಒಬ್ಬರಿಗೆ ಕಡಲೆಕಾಯಿ ಅಲರ್ಜಿ, ಇಬ್ಬರು ಮಾಂಸ ತಿನ್ನುವುದಿಲ್ಲ. ಐಟಂ ಕಡಿಮೆ ಮಾಡಿದರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಂಟು ಜನರಿಗೆ ಅಡುಗೆ ಮಾಡುವುದು ಅಂಥ ದೊಡ್ಡ ಕೆಲಸವೇನಲ್ಲ. ಹೋದ ಸಲ ನಿಮ್ಮನ್ನು ಹೈರಾಣ ಮಾಡಿದ್ದು ಊಟಕ್ಕೆ ಮುಂಚಿನ ಆ ಒಂದು ಗಂಟೆ. ಅದೇ ಹೊತ್ತಿಗೆ ಬಾಗಿಲು ತೆಗೆಯಬೇಕು, ಬಂದವರನ್ನು ಮಾತಾಡಿಸಬೇಕು, ಕುಡಿಯಲು ಏನಾದರೂ ಕೊಡಬೇಕು, ಒಂದು ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಇನ್ನೊಂದರ ಮೇಲೆ ಏನೋ ತಳ ಹಿಡಿಯುತ್ತಿದೆ, ಸಿಂಕ್ ತುಂಬಾ ಪಾತ್ರೆ. ಎಂಥ ಪಳಗಿದ ಕೈಯಾದರೂ ಅಲ್ಲಿ ಸೋಲುತ್ತದೆ.

ಹಾಗಾಗಿ ನಾನು ಮೆನು ಮಾಡುವಾಗ ರುಚಿಯಿಂದ ಶುರು ಮಾಡುವುದಿಲ್ಲ. ಪ್ರತಿ ಅಡುಗೆಗೂ ಒಂದೇ ಪ್ರಶ್ನೆ: ಕೊನೆಯ ಒಂದು ಗಂಟೆಯಲ್ಲಿ ಇದಕ್ಕೆ ನನ್ನ ಕೈ ಬೇಕಾ? ಬೇಕು ಅಂತಾದರೆ ಅಂಥದ್ದು ಒಂದೇ ಇರಲಿ. ಉಳಿದದ್ದೆಲ್ಲ ಹಿಂದಿನ ದಿನವೇ ಮಾಡಿಟ್ಟು ಬಿಸಿ ಮಾಡುವಂಥದ್ದು, ಆರಿದರೂ ಚೆನ್ನಾಗಿರುವಂಥದ್ದು, ಇಲ್ಲವೇ ತಣ್ಣಗೇ ತಿನ್ನುವಂಥದ್ದು ಆಗಿರಲಿ. ಈ ಒಂದು ಜರಡಿ ಹಿಡಿದರೆ ಸಾಕು, ಅರ್ಧ ಮೆನು ತಾನಾಗಿ ಉದುರಿಹೋಗುತ್ತದೆ. ಖರ್ಚೂ ಅದರ ಜೊತೆಗೇ ಇಳಿಯುತ್ತದೆ, ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಉದುರುವುದು ಕರಿಯುವ ಐಟಂಗಳು. ಆಮೇಲೆ ಒಂದೊಂದೇ ಬೇಯಿಸಿ ಬಿಸಿಬಿಸಿ ಬಡಿಸುವಂಥವು. ತಿನ್ನಲು ತುಂಬಾ ಚೆಂದ, ನಿಜ. ಆದರೆ ಎಂಟು ಜನರಿಗೆ ತಲಾ ಮೂರು ಅಂದರೂ 24 ಆಯಿತು, ಒಂದಕ್ಕೆ ಎರಡು ನಿಮಿಷ ಹಿಡಿದರೆ 48 ನಿಮಿಷ ನೀವು ಒಲೆ ಬಿಟ್ಟು ಕದಲುವ ಹಾಗಿಲ್ಲ. ಮೊದಲು ತಿಂದವರು ಕೈ ತೊಳೆಯುವಾಗ ಕೊನೆಯವರಿಗೆ ಬಡಿಸುತ್ತಿರುತ್ತೀರಿ. ಅವನ್ನು ಮನೆಯವರಷ್ಟೇ ಇರುವ ದಿನಕ್ಕೆ ಇಟ್ಟುಕೊಳ್ಳಿ. ಈ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಅಡುಗೆ ಮಾಡುವವರೂ ಕೂತು ಉಣ್ಣಬೇಕು, ಅವರೇ ಇಲ್ಲದ ಪಂಕ್ತಿಯಲ್ಲಿ ಬಂದವರಿಗೂ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಿಮಗೆ ನಾನು ಹೇಳುವುದು ಇಷ್ಟೇ: ದೊಡ್ಡ ಪಾತ್ರೆಯಲ್ಲಿ ಒಂದು ಗಟ್ಟಿ ಗ್ರೇವಿ, ಅದಕ್ಕೆ ಅನ್ನ, ಜೊತೆಗೆ ಅಂಗಡಿಯಿಂದ ತಂದ ಬ್ರೆಡ್, ಹುರಿದ ಅಥವಾ ಓವನ್‌ನಲ್ಲಿ ಬೇಯಿಸಿದ ಒಂದು ತರಕಾರಿ, ಒಂದು ಹಸಿ ಸಲಾಡ್, ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಟ್ಟ ಒಂದು ಸಿಹಿ. ಇದರಲ್ಲಿ ಕೊನೆಯ ಗಂಟೆಯಲ್ಲಿ ಕೈ ಬೇಡುವುದು ಅನ್ನ ಒಂದೇ, ಅದೂ ಒಲೆ ಮೇಲಿಟ್ಟ ಮೇಲೆ ತನ್ನ ಪಾಡಿಗೆ ತಾನು ಬೇಯುತ್ತದೆ. ಬರ್ನರ್ ಲೆಕ್ಕ ಹಾಕಿ ನೋಡಿ: ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಬಿಸಿಯಾಗುತ್ತಿರುವ ಗ್ರೇವಿ. ಮೂರನೆಯದು ಬೇಕಾಗುವುದೇ ಇಲ್ಲ. ಮೆನು ಬರೆಯುವ ಕಾಗದದ ಮೇಲೆ ಪ್ರತಿ ಐಟಂ ಪಕ್ಕದಲ್ಲಿ ಕೊನೆಯ ಗಂಟೆಗೆ ಅದು ಎಲ್ಲಿರುತ್ತದೆ ಅಂತ ಬರೆಯಿರಿ. ಒಲೆ, ಮೇಜು, ಫ್ರಿಜ್, ಹೀಗೆ. ಒಲೆ ಅನ್ನುವುದು ಮೂರು ಸಲ ಬಂದರೆ ಮೆನು ತಪ್ಪಿದೆ ಅಂತ ಆ ಕಾಗದವೇ ಹೇಳುತ್ತದೆ.

ಇಬ್ಬರು ಮಾಂಸ ತಿನ್ನುವುದಿಲ್ಲ ಅಂದಿರಲ್ಲ, ಅವರಿಗೆ ಬೇರೆ, ಉಳಿದವರಿಗೆ ಬೇರೆ ಅಂತ ಎರಡು ಗ್ರೇವಿ ಮಾಡಲು ಹೋಗಬೇಡಿ. ಎಲ್ಲರಿಗೂ ಒಂದೇ, ಕಾಳಿನದ್ದೇ ಮಾಡಿ. ಕೆಲಸ ಅರ್ಧ, ಖರ್ಚು ಅರ್ಧಕ್ಕಿಂತ ಕಡಿಮೆ. ಇನ್ನೊಂದು ಲಾಭ ಏನೆಂದರೆ ಕಾಳು, ಬೇಳೆಯ ಗ್ರೇವಿ ಮಾರನೆಯ ದಿನಕ್ಕೆ ಇನ್ನೂ ರುಚಿಯಾಗುತ್ತದೆ. ರಾತ್ರಿಯಿಡೀ ಉಪ್ಪು, ಖಾರ, ಮಸಾಲೆ ಕಾಳಿನ ಒಳಗಿನವರೆಗೂ ಇಳಿಯುತ್ತದೆ, ಪಿಷ್ಟ ಬಿಟ್ಟುಕೊಂಡು ರಸ ಗಟ್ಟಿಯಾಗುತ್ತದೆ. ಅಂದರೆ ಹಿಂದಿನ ದಿನ ಮಾಡುವುದು ನಿಮ್ಮ ಅನುಕೂಲಕ್ಕೆ ಮಾತ್ರ ಅಂತಲ್ಲ, ಅಡುಗೆಗೂ ಅದೇ ಒಳ್ಳೆಯದು.

ಈಗ ಅಳತೆ. ಹಣ ಸೋರಿಹೋಗುವುದೂ, ಗಾಬರಿ ಹುಟ್ಟುವುದೂ ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೊಡ್ಡವರೊಬ್ಬರು ಹಬ್ಬದ ಊಟದಲ್ಲಿ ಎಲ್ಲ ಸೇರಿ ತಿನ್ನುವುದು ಸುಮಾರು ಅರ್ಧ ಕೆಜಿ, ತುಂಬಾ ಅಂದರೆ 600 ಗ್ರಾಂ. ಅಂದರೆ ಎಂಟು ಜನರಿಗೆ ಬೆಂದ ಅಡುಗೆ ಎಲ್ಲ ಕೂಡಿ 4ರಿಂದ 5 ಕೆಜಿ. ಈ ಮಿತಿ ತಲೆಯಲ್ಲಿದ್ದರೆ ಐಟಂ ಜಾಸ್ತಿಯಾದ ಹಾಗೆಲ್ಲ ಪ್ರತಿಯೊಂದನ್ನೂ ಕಡಿಮೆ ಮಾಡಬೇಕಾಗುತ್ತದೆ ಅನ್ನುವುದು ಗೊತ್ತಾಗುತ್ತದೆ. ನಾವು ಯಾರೂ ಹಾಗೆ ಮಾಡುವುದಿಲ್ಲ. ಹತ್ತು ಐಟಂ ಮಾಡಿ, ಒಂದೊಂದನ್ನೂ ಅದೊಂದೇ ಇದೆ ಅನ್ನುವ ಹಾಗೆ ತುಂಬಾ ಮಾಡುತ್ತೇವೆ. ಅರ್ಧ ಅಡುಗೆ ಉಳಿಯುವುದು ಅದಕ್ಕೇ.

ಅಕ್ಕಿ ತಲಾ 75 ಗ್ರಾಂ ಸಾಕು, ಬ್ರೆಡ್ ಕೂಡ ಇದೆಯಲ್ಲ. ಎಂಟು ಜನರಿಗೆ 600 ಗ್ರಾಂ, ಬೆಂದಾಗ ಅದು ಹತ್ತಿರಹತ್ತಿರ ಮೂರು ಪಟ್ಟು ತೂಗುತ್ತದೆ. ಒಣ ಕಾಳು ತಲಾ 60 ಗ್ರಾಂ, ಒಟ್ಟು ಅರ್ಧ ಕೆಜಿ ಅಂತಿಟ್ಟುಕೊಳ್ಳಿ, ನೆನೆದು ಬೆಂದರೆ ಎರಡೂಕಾಲು, ಎರಡೂವರೆ ಪಟ್ಟಾಗುತ್ತದೆ. ತರಕಾರಿ ಹಸಿಯಾಗಿ ತಲಾ 150 ಗ್ರಾಂ, ಸಲಾಡ್ ತಲಾ 80 ಗ್ರಾಂ, ಸಿಹಿ ತಲಾ 100 ಗ್ರಾಂ. ಮಕ್ಕಳಿದ್ದರೆ ಇಬ್ಬರನ್ನು ಒಬ್ಬರಂತೆ ಎಣಿಸಿ.

ಕಡಿಮೆ ಬಿದ್ದರೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ, ತಪ್ಪೇನಿಲ್ಲ. ಆದರೆ ಆ ಭಯಕ್ಕೆ ಅಂತ ಹೆಚ್ಚಿಗೆ ಮಾಡುವುದಿದ್ದರೆ ಅಗ್ಗದ್ದನ್ನು ಹೆಚ್ಚು ಮಾಡಿ. ಒಂದು ಹಿಡಿ ಅಕ್ಕಿ ಜಾಸ್ತಿ, ಒಂದು ಬ್ರೆಡ್ ಪ್ಯಾಕೆಟ್ ಜಾಸ್ತಿ. ಸಿಹಿ, ಪನೀರ್, ಗೋಡಂಬಿ, ಮಾಂಸ ಇವುಗಳನ್ನು ಲೆಕ್ಕಕ್ಕೆ ಸರಿಯಾಗಿ ಮಾಡಿ ನಿಲ್ಲಿಸಿಬಿಡಿ. ಹೊಟ್ಟೆ ತುಂಬಿಸುವುದು ಅನ್ನ, ಬ್ರೆಡ್ಡು, ಕಾಳು. ದುಬಾರಿ ಪದಾರ್ಥ ಕಣ್ಣಿಗೆ, ಮೂಗಿಗೆ ಬಿದ್ದರೆ ಸಾಕು. ಗೋಡಂಬಿಯನ್ನೇ ನೋಡಿ, ಗ್ರೇವಿಯಲ್ಲಿ ರುಬ್ಬಿ ಹಾಕಿದರೆ 100 ಗ್ರಾಂ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. 30 ಗ್ರಾಂ ಹುರಿದು ಬಡಿಸುವ ಮುಂಚೆ ಮೇಲೆ ಉದುರಿಸಿದರೆ ಎಲ್ಲರಿಗೂ ಕಾಣುತ್ತದೆ, ಬಾಯಿಗೂ ಸಿಗುತ್ತದೆ. ನಿಮ್ಮ ಮನೆಗೆ ಬರುವವರೊಬ್ಬರಿಗೆ ಅಲರ್ಜಿ ಇರುವುದರಿಂದ ಈ ಸಲ ಗೋಡಂಬಿಯೂ ಬೇಡ, ಉದಾಹರಣೆಗೆ ಹೇಳಿದೆ ಅಷ್ಟೇ.

ಅಲರ್ಜಿ ವಿಷಯ ಬಂದಿದ್ದರಿಂದ ಅದನ್ನೂ ಇಲ್ಲೇ ಮುಗಿಸುತ್ತೇನೆ, ಇದರಲ್ಲಿ ಸಡಿಲ ಬಿಡುವ ಹಾಗಿಲ್ಲ. ಕಡಲೆಕಾಯಿ ಅಲರ್ಜಿ ಇರುವವರಿಗೆ ಬೀಜ ಆರಿಸಿ ತೆಗೆದು ಬಡಿಸಿದರೆ ಆಗುವುದಿಲ್ಲ. ಅದೇ ಸೌಟು, ಅದೇ ಎಣ್ಣೆ, ಅದೇ ಮಿಕ್ಸಿ ಜಾರ್ ಮುಟ್ಟಿದರೂ ಕೆಲವರಿಗೆ ತೊಂದರೆಯಾಗುತ್ತದೆ, ಉಸಿರಾಟಕ್ಕೇ ಕಷ್ಟವಾಗುವವರೂ ಇದ್ದಾರೆ. ಆ ದಿನ ಅಡುಗೆಮನೆಗೆ ಕಡಲೆಕಾಯಿ ಬರಲೇಬಾರದು ಅಂತ ಇಟ್ಟುಕೊಳ್ಳುವುದೇ ಸುಲಭ. ಪ್ಯಾಕೆಟ್ ಸಾಮಾನು, ಬ್ರೆಡ್, ಸಾಸ್, ಬಿಸ್ಕತ್ತು ಎಲ್ಲದರ ಹಿಂದೆ ಬರೆದಿರುವುದನ್ನು ಓದಿ. ಬೇರೆ ಬೀಜಗಳೂ ಆಗುವುದಿಲ್ಲವಾ, ಎಳ್ಳು ಆಗುತ್ತದಾ ಅಂತ ಅವರನ್ನೇ ಫೋನ್ ಮಾಡಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದೆ ಇದ್ದಾಗ ಪಾಪ ಅವರು ಬಂದು ಏನೂ ಮುಟ್ಟದೆ ಕೂರುತ್ತಾರೆ, ಅದು ಇಬ್ಬರಿಗೂ ಕಷ್ಟ. ಉಳಿದವರಿಗೂ ಒಂದು ಮೆಸೇಜ್ ಹಾಕಿಬಿಡಿ, ಏನಾದರೂ ತಿನ್ನಬಾರದ್ದು ಇದೆಯಾ ಅಂತ. ಹೊರಗಿನಿಂದ ಅಡುಗೆ ತರುವವರಿಗೂ ಕಡಲೆಕಾಯಿ ವಿಷಯ ತಿಳಿಸಬೇಕು.

ಇನ್ನು ಪಾತ್ರೆ. ಒಂದು ವಾರ ಮುಂಚೆಯೇ ಇದನ್ನು ನೋಡಿಕೊಳ್ಳಿ. ಗ್ರೇವಿ ತಲಾ ಕಾಲು ಲೀಟರ್ ಅಂದರೆ ಎಂಟು ಜನರಿಗೆ ಎರಡು ಲೀಟರ್. ನಿಮ್ಮಲ್ಲಿರುವ ದೊಡ್ಡ ಪಾತ್ರೆಗೆ ಎರಡು ಲೀಟರ್ ನೀರು ಅಳೆದು ಸುರಿಯಿರಿ. ನೀರು ಮುಕ್ಕಾಲಿನ ಗೆರೆ ದಾಟಿದರೆ ಕೈಯಾಡಿಸುವಾಗ ಚೆಲ್ಲುತ್ತದೆ, ಬೇರೆ ಪಾತ್ರೆ ಬೇಕು, ಪಕ್ಕದ ಮನೆಯಿಂದ ಕೇಳಿ ತನ್ನಿ. ಮಾಡಿದ ಗ್ರೇವಿಯನ್ನು ಸುರಿದಿಡುವ ಅಗಲ ಡಬ್ಬಿಗಳನ್ನು ಫ್ರಿಜ್‌ನ ತಟ್ಟೆಯ ಮೇಲಿಟ್ಟು ಬಾಗಿಲು ಮುಚ್ಚುತ್ತದಾ ನೋಡಿ. ಹಿಂದಿನ ದಿನ ರಾತ್ರಿ ಹನ್ನೊಂದಕ್ಕೆ ಮುಚ್ಚುವುದಿಲ್ಲ ಅಂತ ಗೊತ್ತಾಗುವುದು ಬೇಡ. ಕುಕ್ಕರ್‌ನಲ್ಲಿ ಕಾಳು ಬೇಯಿಸುವುದಾದರೆ ನೀರು ಕಾಳು ಸೇರಿ ಅರ್ಧಕ್ಕಿಂತ ಮೇಲೆ ತುಂಬಬಾರದು, ನೊರೆ ಉಕ್ಕಿ ವಾಲ್ವ್ ಕಟ್ಟಿಕೊಳ್ಳುತ್ತದೆ. ಚಿಕ್ಕ ಕುಕ್ಕರ್ ಆದರೆ ಎರಡು ಸಲ ಬೇಯಿಸಿ, ಹಿಂದಿನ ದಿನ ಹೇಗೂ ಅವಸರವಿಲ್ಲ. ತಟ್ಟೆ, ಲೋಟ, ಚಮಚ, ಕುರ್ಚಿ ಎಂಟೆಂಟು ಇವೆಯಾ ಅಂತಲೂ ಎಣಿಸಿಬಿಡಿ. ಬೇರೆಬೇರೆ ಸೆಟ್ಟಿನವಾದರೂ ಪರವಾಗಿಲ್ಲ, ಬಿಸಾಡುವ ತಟ್ಟೆ ಕೊಳ್ಳುವ ಖರ್ಚು ಉಳಿಯುತ್ತದೆ.

ಕಾಳು ಬೇಯಿಸುವುದರಲ್ಲಿ ಎರಡು ಮಾತು. ರಾಜ್ಮಾ ಮಾಡುವುದಾದರೆ ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಒಂದು ವಿಷಾಂಶ ಇರುತ್ತದೆ. ಕುದಿಯದೆ ಬರೀ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಅದು ಹೋಗುವುದಿಲ್ಲ. ಕುಕ್ಕರ್‌ನಲ್ಲಿ ನೀರು 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯುವುದರಿಂದ ಈ ಚಿಂತೆ ಇರುವುದಿಲ್ಲ. ಎರಡನೆಯದು, ಟೊಮೆಟೊ, ನಿಂಬೆರಸ, ಹುಳಿ ಯಾವುದನ್ನೂ ಕಾಳು ಮೆತ್ತಗಾಗುವ ಮುಂಚೆ ಹಾಕಬೇಡಿ. ಹುಳಿ ಬಿದ್ದರೆ ಕಾಳಿನ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತದೆ, ಎಷ್ಟು ಗ್ಯಾಸ್ ಉರಿಸಿದರೂ ಬೇಯುವುದಿಲ್ಲ. ಜನ ಕಾಳನ್ನು ಬೈಯುತ್ತಾರೆ, ತಪ್ಪು ಹುಳಿಯದ್ದು.

ನಾಲ್ಕು ಜನರ ಅಳತೆಯನ್ನು ಎಂಟಕ್ಕೆ ಏರಿಸುವಾಗ ಎಲ್ಲವನ್ನೂ ಕಣ್ಣುಮುಚ್ಚಿ ಎರಡರಿಂದ ಗುಣಿಸಬೇಡಿ. ಕಾಳು, ತರಕಾರಿ ಎರಡು ಪಟ್ಟು ಸರಿ. ಉಪ್ಪು, ಖಾರ ಮೊದಲು ಒಂದೂವರೆ ಪಟ್ಟು ಹಾಕಿ, ರುಚಿ ನೋಡಿ ಏರಿಸಿ. ನೀರು ಎರಡು ಪಟ್ಟು ಬೇಡ, ಯಾಕೆಂದರೆ ಆವಿಯಾಗುವುದು ಪಾತ್ರೆಯ ಬಾಯಿಯ ಅಗಲದ ಮೇಲೆ ಹೋಗುತ್ತದೆ, ಒಳಗಿರುವ ಸಾಮಾನಿನ ಮೇಲಲ್ಲ. ಹಬ್ಬದ ದಿನ ಅನ್ನ ಮುದ್ದೆಯಾಗುವುದು ಇದೇ ಕಾರಣಕ್ಕೆ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಹಾಕುವವರು ನಾಲ್ಕು ಲೋಟಕ್ಕೆ ಎಂಟು ಹಾಕಿಬಿಡುತ್ತಾರೆ. ಅಕ್ಕಿ ನಿಜವಾಗಿ ಹೀರುವುದು ಅದರ ಅಳತೆಯಷ್ಟೇ ನೀರು, ಸ್ವಲ್ಪ ಹೆಚ್ಚು ಕಡಿಮೆ. ಉಳಿದದ್ದು ಆವಿಗೆ ಹೋಗುವ ಪಾಲು, ಅದು ಅಕ್ಕಿ ನಾಲ್ಕು ಪಟ್ಟಾದ ಮಾತ್ರಕ್ಕೆ ನಾಲ್ಕು ಪಟ್ಟಾಗುವುದಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಪಾತ್ರೆಯಲ್ಲಿ ಆರೂವರೆ ಲೋಟದಿಂದ ಶುರು ಮಾಡಿ, ಸಾಲದಿದ್ದರೆ ಕುದಿನೀರು ಚಿಮುಕಿಸಿಕೊಳ್ಳಬಹುದು, ಹೆಚ್ಚಾದದ್ದನ್ನು ತೆಗೆಯಲು ಆಗುವುದಿಲ್ಲ. ಬಳಸುವ ಅಕ್ಕಿ ಹಳೆಯದಾದರೆ ಕೊಂಚ ಜಾಸ್ತಿ ಬೇಕಾಗುತ್ತದೆ. ಅದೇ ಅಕ್ಕಿ, ಅದೇ ಪಾತ್ರೆ ಇಟ್ಟುಕೊಂಡು ಹಿಂದಿನ ವಾರ ಒಮ್ಮೆ ಮಾಡಿ ನೋಡಿದರೆ ಈ ಚಿಂತೆಯೇ ಇರುವುದಿಲ್ಲ.

ಹಿಂದಿನ ದಿನ ಮಾಡಿಟ್ಟದ್ದು ಕೆಡುವುದಿಲ್ಲವಾ? ಸರಿಯಾಗಿ ಆರಿಸಿದರೆ ಕೆಡುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅಡುಗೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅಡುಗೆ ಫ್ರಿಜ್ ಸೇರಬೇಕು, ಹೊರಗೆ 32 ಡಿಗ್ರಿ ದಾಟುವ ಸೆಕೆ ಇದ್ದರೆ ಒಂದೇ ಗಂಟೆ. ಎರಡು ಲೀಟರ್ ಗ್ರೇವಿಯನ್ನು ಅದೇ ಆಳದ ಪಾತ್ರೆಯಲ್ಲಿ ಮುಚ್ಚಿಟ್ಟರೆ ಮೇಲೆ ಆರಿದ ಹಾಗೆ ಕಂಡರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಎರಡು ಮೂರು ಅಗಲ ಡಬ್ಬಿಗಳಿಗೆ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಸುರಿದು, ತಣ್ಣೀರಿನ ತಟ್ಟೆಯಲ್ಲಿ ಕೂರಿಸಿ, ಆಗಾಗ ಕೈಯಾಡಿಸಿ. ಅರ್ಧ ಗಂಟೆಯಲ್ಲಿ ಫ್ರಿಜ್‌ಗೆ ಇಡುವಷ್ಟು ಆರುತ್ತದೆ. ಡಬ್ಬಿಗಳಾದರೆ ಫ್ರಿಜ್‌ನಲ್ಲಿ ಜಾಗ ಹೊಂದಿಸುವುದೂ ಸುಲಭ. ಮಾರನೆಯ ದಿನ ಬಿಸಿ ಮಾಡುವಾಗ ನಡುಭಾಗವೂ ಕುದಿ ಬರಬೇಕು, ಬರೀ ಬೆಚ್ಚಗಾದರೆ ಸಾಲದು.

ಅನ್ನವನ್ನು ಮಾತ್ರ ಅವತ್ತೇ ಮಾಡಿ ಅಂತ ಹೇಳಿದ್ದಕ್ಕೆ ಕಾರಣ ಇದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಅವು ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಉಳಿದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಅನ್ನ ಮುಚ್ಚಿಟ್ಟರೆ ಮುಕ್ಕಾಲು ಗಂಟೆ ಆರಾಮಾಗಿ ಬಿಸಿಯಾಗೇ ಇರುತ್ತದೆ, ನಿಮಗೆ ಬೇಕಿರುವುದು ಅಷ್ಟೇ ತಾನೇ.

ಖರ್ಚಿನ ಮಾತಿಗೆ ಬರುತ್ತೇನೆ. ಮೊದಲು ಒಟ್ಟು ಎಷ್ಟು ಅಂತ ಒಂದು ಮೊತ್ತ ಬರೆಯಿರಿ, ಅದರ ಕಾಲು ಭಾಗವನ್ನು ಪಕ್ಕಕ್ಕೆ ತೆಗೆದಿಡಿ. ಜ್ಯೂಸ್, ಐಸ್, ಟಿಶ್ಯೂ, ಕಸದ ಚೀಲ, ಕೊನೆ ಗಳಿಗೆಯಲ್ಲಿ ಬೇಕಾಗುವ ಏನೋ ಒಂದು, ಇವೆಲ್ಲ ಸೇರಿ ಅಷ್ಟು ನುಂಗುತ್ತವೆ, ಪಟ್ಟಿಯಲ್ಲಿ ಮಾತ್ರ ಯಾರೂ ಬರೆಯುವುದಿಲ್ಲ. ಉಳಿದ ಮುಕ್ಕಾಲಿನಲ್ಲಿ ಮೆನು ಮಾಡಿ. ಅಂಗಡಿಗೆ ಹೋಗುವ ಮುಂಚೆ ಮನೆಯ ಡಬ್ಬಿಗಳನ್ನೆಲ್ಲ ತೆಗೆದು ನೋಡಿ, ಅರ್ಧ ಸಾಮಾನು ಅಲ್ಲೇ ಇರುತ್ತದೆ. ಒಂದು ಚಮಚ ಮಸಾಲೆಗೋಸ್ಕರ ಇಡೀ ಪ್ಯಾಕೆಟ್ ಕೊಳ್ಳಬೇಕಾದ ಅಡುಗೆ ನಿಮ್ಮ ಮೆನುವಿನಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ದಿನಸಿಯನ್ನು ಎರಡು ವಾರ ಮುಂಚೆ ತನ್ನಿ, ತರಕಾರಿ ಎರಡು ದಿನ ಮುಂಚೆ. ಯಾವ ತರಕಾರಿ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಬೇಡಿ, ಆವತ್ತು ಯಾವುದು ತಾಜಾ ಮತ್ತು ಅಗ್ಗವೋ ಅದನ್ನೇ ಹುರಿಯಿರಿ. ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಹೋದವರು ಹೇಳಿದಷ್ಟು ಕೊಟ್ಟು ಬರಬೇಕಾಗುತ್ತದೆ.

ಕುಡಿಯುವುದಕ್ಕೆ ನಾಲ್ಕು ಥರ ಬೇಡ. ಒಂದು ದೊಡ್ಡ ಜಗ್‌ನಲ್ಲಿ ಮನೆಯಲ್ಲೇ ಮಾಡಿದ ನಿಂಬೆಹಣ್ಣಿನ ಅಥವಾ ಬೇರೆ ಹಣ್ಣಿನ ಪಾನೀಯ, ಇನ್ನೊಂದರಲ್ಲಿ ನೀರು, ಅಷ್ಟು ಸಾಕು.

"ಏನು ತರಲಿ?" ಅಂತ ಕೇಳುವವರಿಗೆ "ಏನೂ ಬೇಡ, ನೀವು ಬಂದರೆ ಸಾಕು" ಅಂತ ನಾವೆಲ್ಲ ಬಾಯಿಗೆ ಬಂದ ಹಾಗೆ ಹೇಳಿಬಿಡುತ್ತೇವೆ. ದಯವಿಟ್ಟು ಈ ಸಲ ಹಾಗೆ ಹೇಳಬೇಡಿ. ಅವರು ನಿಜವಾಗಿಯೇ ಕೇಳುತ್ತಿದ್ದಾರೆ. ಬೇಡ ಅಂದರೂ ಬರಿಗೈಲಿ ಬರಲು ಮನಸ್ಸಾಗದೆ ಮೂರು ಜನ ಮೂರು ಸ್ವೀಟ್ ಡಬ್ಬಿ ತರುತ್ತಾರೆ, ನೀವು ಮಾಡಿದ ಸಿಹಿ ಹಾಗೇ ಉಳಿಯುತ್ತದೆ. ಒಬ್ಬರಿಗೆ ಹಣ್ಣು, ಒಬ್ಬರಿಗೆ ಬ್ರೆಡ್, ಒಬ್ಬರಿಗೆ ಐಸ್ ಅಂತ ಹೆಸರು ಹಿಡಿದು ಹೇಳಿ. ಮುಖ್ಯ ಅಡುಗೆಯನ್ನು ಮಾತ್ರ ಯಾರಿಗೂ ವಹಿಸಬೇಡಿ, ಅವರು ಬರುವುದು ತಡವಾದರೆ ಊಟವೇ ನಿಲ್ಲುತ್ತದೆ. ತುಂಬಾ ತಡ ಮಾಡುವವರು ಯಾರು ಅಂತ ನಿಮಗೆ ಗೊತ್ತಿರುತ್ತದೆ, ಅವರಿಗೆ ಊಟದ ಕೊನೆಗೆ ಬೇಕಾಗುವ ಹಣ್ಣು ಹೇಳಿ.

ಐಟಂ ಕಡಿಮೆಯಾದರೆ ಏನಂದುಕೊಳ್ಳುತ್ತಾರೋ ಅಂದಿರಲ್ಲ. ಈ ಅಳುಕು ನನಗೆ ಅರ್ಥವಾಗುತ್ತದೆ, ಬಂದವರಿಗೆ ಮನಸಾರೆ ಮಾಡಬೇಕು ಅನ್ನುವ ಆಸೆಯಿಂದಲೇ ಅದು ಹುಟ್ಟುವುದು. ಆದರೆ ಆ ಆಸೆಯನ್ನು ತೀರಿಸಲು ಇನ್ನೂ ನಾಲ್ಕು ಅಡುಗೆ ಬೇಕಾಗಿಲ್ಲ. ಮಾಡಿರುವ ಗ್ರೇವಿಯ ಸುತ್ತ ಚಿಕ್ಕಚಿಕ್ಕ ಬಟ್ಟಲು ಇಡಿ. ತೆಳ್ಳಗೆ ಹೆಚ್ಚಿ ವಿನೆಗರ್ ಮತ್ತು ಚಿಟಿಕೆ ಉಪ್ಪಿನಲ್ಲಿ ಅರ್ಧ ಗಂಟೆ ನೆನೆಸಿದ ಈರುಳ್ಳಿ, ನೋಡನೋಡುತ್ತಿದ್ದ ಹಾಗೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕೆಂಪು ಈರುಳ್ಳಿ ಇರಬೇಕು ಅಷ್ಟೇ. ಹೆಚ್ಚಿದ ಸೊಪ್ಪು, ನಿಂಬೆ ಹೋಳು, ಗಟ್ಟಿ ಮೊಸರು, ಮಧ್ಯಾಹ್ನವೇ ಗರಿಗರಿಯಾಗಿ ಹುರಿದಿಟ್ಟ ಬೆಳ್ಳುಳ್ಳಿ, ಖಾರದ ಒಂದು ಸಾಸ್. ಆರು ಬಟ್ಟಲಿಗೆ ಸೇರಿ ನಿಮಗೆ ಅರ್ಧ ಗಂಟೆಯ ಕೆಲಸ, ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು. ಮೇಜು ತುಂಬಿ ಕಾಣುತ್ತದೆ, ಒಬ್ಬೊಬ್ಬರೂ ತಮಗೆ ಬೇಕಾದ ಹಾಗೆ ಹಾಕಿಕೊಳ್ಳುತ್ತಾರೆ. ಖಾರ ಆಗದವರಿಗೂ, ಹಾಲು ಮೊಸರು ತಿನ್ನದವರಿಗೂ ಬೇರೆ ಅಡುಗೆ ಮಾಡುವ ಕಷ್ಟ ತಪ್ಪುತ್ತದೆ. ಗ್ರೇವಿಯನ್ನು ಖಾರ ಕಡಿಮೆ ಮಾಡಿ, ಹಾಲು ಬೆಣ್ಣೆ ಹಾಕದೆ ಮಾಡಿರಿ ಸಾಕು.

ಸಿಹಿಯನ್ನು ತಣ್ಣಗಾದ ಮೇಲೆ ಒಮ್ಮೆ ರುಚಿ ನೋಡಿ ತೀರ್ಮಾನಿಸಿ, ಬಿಸಿಯಿದ್ದಾಗ ಸರಿ ಅನ್ನಿಸಿದ ಸಕ್ಕರೆ ಫ್ರಿಜ್‌ನಿಂದ ತೆಗೆದಾಗ ಕಡಿಮೆ ಅನ್ನಿಸುತ್ತದೆ. ಸಿಹಿ ಮಾಡಲು ಕೈ ಬರುವುದಿಲ್ಲ ಅಂತಿದ್ದರೆ ಹೊರಗಿನಿಂದ ತನ್ನಿ, ಸಂಕೋಚ ಬೇಡ.

ಈಗ ಆ ದಿನವನ್ನು ಹಿಂದಿನಿಂದ ಲೆಕ್ಕ ಹಾಕೋಣ. ರಾತ್ರಿ ಎಂಟಕ್ಕೆ ಊಟ ಅಂತಿಟ್ಟುಕೊಳ್ಳಿ. ಬರುವವರಿಗೆ "ಏಳಕ್ಕೆ ಬನ್ನಿ, ಎಂಟಕ್ಕೆ ಊಟಕ್ಕೆ ಕೂರೋಣ" ಅಂತ ಎರಡೂ ಸಮಯ ಹೇಳಿ. ಬರೀ ಏಳಕ್ಕೆ ಅಂದರೆ ಕೆಲವರು ಹಸಿದುಕೊಂಡು ಬರುತ್ತಾರೆ, ಕೆಲವರು ಎಂಟೂವರೆಗೆ ಬರುತ್ತಾರೆ. ಮಧ್ಯಾಹ್ನ ಮೂರಕ್ಕೆ ತರಕಾರಿ ಹುರಿದು ಅಥವಾ ಓವನ್‌ನಲ್ಲಿ ಬೇಯಿಸಿ ಆರಲು ಬಿಡಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟು, ಊಟದ ಹೊತ್ತಿಗೆ ಅನ್ನ ಇಳಿಸಿದ ಬರ್ನರ್ ಮೇಲೆ ಒಮ್ಮೆ ಬಿಸಿ ಮಾಡಿಕೊಳ್ಳಿ. ನಾಲ್ಕಕ್ಕೆ ಸಲಾಡಿನ ತರಕಾರಿ ಹೆಚ್ಚಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿಡಿ. ಉಪ್ಪು, ಹುಳಿ ಈಗಲೇ ಹಾಕಬೇಡಿ, ಉಪ್ಪು ಬಿದ್ದರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಐದಕ್ಕೆ ಮೇಜು, ತಟ್ಟೆ, ಬಡಿಸುವ ಸೌಟುಗಳನ್ನು ಜೋಡಿಸಿ, ಯಾವ ಬಟ್ಟಲಿಗೆ ಯಾವ ಅಡುಗೆ ಅಂತ ಚೀಟಿ ಬರೆದು ಒಳಗೆ ಹಾಕಿಡಿ, ಸಹಾಯಕ್ಕೆ ಬಂದವರು ನಿಮ್ಮನ್ನು ಕೇಳದೆಯೇ ತುಂಬಿಸಬಹುದು. ಐದೂವರೆಯಿಂದ ಆರೂವರೆವರೆಗೆ ನಿಮ್ಮ ಹೊತ್ತು: ಸ್ನಾನ ಮಾಡಿ, ಏನಾದರೂ ಸ್ವಲ್ಪ ತಿನ್ನಿ, ಹತ್ತು ನಿಮಿಷ ಕಾಲು ಚಾಚಿ ಕೂರಿ. ಇದನ್ನು ಪಟ್ಟಿಯಲ್ಲಿ ಬರೆದುಕೊಳ್ಳಿ, ಬರೆಯದಿದ್ದರೆ ಆಗುವುದಿಲ್ಲ.

ಆರೂಮುಕ್ಕಾಲಿಗೆ ಸಿಂಕ್ ಪೂರ್ತಿ ಖಾಲಿ ಇರಬೇಕು, ಕಸದ ಬುಟ್ಟಿಯೂ. ಖಾಲಿ ಸಿಂಕ್ ಇದ್ದರೆ ಊಟವಾದ ಮೇಲೆ ತಟ್ಟೆ ಇಡಲು ಜಾಗ ಇರುತ್ತದೆ, ಅಡುಗೆಮನೆ ನೋಡಿ ಎದೆ ಧಸಕ್ ಅನ್ನುವುದಿಲ್ಲ. ಏಳಕ್ಕೆ ಬಂದವರಿಗೆ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್, ಅದ್ದಿಕೊಳ್ಳಲು ಮೊಸರಿನದ್ದೊಂದು ಗಟ್ಟಿ ಸಾಸ್ ಇಡಿ, ತಡವಾಗಿ ಬರುವವರಿಗೆ ಕಾಯುವಾಗ ಹಸಿವು ತಡೆಯುತ್ತದೆ, ಹೊಟ್ಟೆಯೂ ತುಂಬುವುದಿಲ್ಲ. ಏಳು ಕಾಲಿಗೆ ಗ್ರೇವಿಯನ್ನು ಸಣ್ಣ ಉರಿಯಲ್ಲಿಡಿ. ಫ್ರಿಜ್‌ನಲ್ಲಿ ಅದು ಗಟ್ಟಿಯಾಗಿರುತ್ತದೆ, ಒಂದು ಲೋಟ ಕುದಿನೀರು ಹಾಕಿ ತಳದಿಂದ ಕೈಯಾಡಿಸಿ, ದೊಡ್ಡ ಉರಿ ಮಾಡಿದರೆ ತಳ ಹಿಡಿಯುತ್ತದೆ. ಪೂರ್ತಿ ಕುದಿ ಬಂದ ಮೇಲೆ ಉಪ್ಪು ನೋಡಿ. ಹಿಂದಿನ ದಿನ ಸರಿಯಿತ್ತು ಅಂತ ಸುಮ್ನೆ ಬಿಡಬೇಡಿ, ಕಾಳು ಉಪ್ಪು ಹೀರಿಕೊಂಡಿರುತ್ತದೆ, ಜೊತೆಗೆ ಈಗ ನೀರೂ ಸೇರಿದೆ. ಏಳೂ ಇಪ್ಪತ್ತಕ್ಕೆ ಅನ್ನಕ್ಕಿಡಿ. ಅಲ್ಲಿಂದ ಎಂಟರವರೆಗೆ ನೀವು ಎರಡು ಸಲ ಒಳಗೆ ಬಂದು ನೋಡಿದರೆ ಆಯಿತು, ಉಳಿದ ಹೊತ್ತು ಹೊರಗೆ ಎಲ್ಲರ ಜೊತೆ ಕೂರಬಹುದು.

ಏನಾದರೂ ಎಡವಟ್ಟಾದರೆ? ತಳ ಹಿಡಿದ ವಾಸನೆ ಬಂದ ತಕ್ಷಣ ಕೈಯಾಡಿಸುವುದನ್ನು ನಿಲ್ಲಿಸಿ, ಕೆರೆಯದೆ ಮೇಲಿನದ್ದನ್ನಷ್ಟೇ ಬೇರೆ ಪಾತ್ರೆಗೆ ಸುರಿಯಿರಿ, ಹೆಚ್ಚಿನ ಸಲ ಮುಕ್ಕಾಲು ಭಾಗ ಉಳಿದುಕೊಳ್ಳುತ್ತದೆ. ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಅಂತ ಹೇಳುವುದನ್ನು ನಂಬಬೇಡಿ, ಅದು ಹೀರುವುದು ಉಪ್ಪುನೀರನ್ನು, ಉಳಿದ ರಸ ಹಿಂದಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದೆ ಬೇಯಿಸಿದ ಒಂದಷ್ಟು ಕಾಳು ಅಥವಾ ಬೇಳೆಯನ್ನು ಮಸೆದು ಸೇರಿಸಿ ಪ್ರಮಾಣವನ್ನೇ ಹೆಚ್ಚಿಸಿ. ಅದಕ್ಕೇ ಹಿಂದಿನ ದಿನ ಬೇಯಿಸಿದ ಕಾಳಿನಲ್ಲಿ ಒಂದು ಬಟ್ಟಲು ಸಪ್ಪೆಯಾಗಿ ತೆಗೆದಿಡಿ. ಬೇಕಾಗದಿದ್ದರೆ ಮಾರನೆಯ ದಿನ ತಿಂಡಿಗೆ ಆಗುತ್ತದೆ.

ಊಟ ಮುಗಿದ ಮೇಲೆ ಉಳಿದದ್ದು ಮೇಜಿನ ಮೇಲೆಯೇ ಮಾತು ಮುಗಿಯುವವರೆಗೆ ಕೂರುವುದು ಬೇಡ, ಎರಡು ಗಂಟೆಯ ಲೆಕ್ಕ ಇಲ್ಲೂ ಇದೆ. ಖಾಲಿ ಡಬ್ಬಿಗಳನ್ನು ಮೊದಲೇ ತೆಗೆದಿಟ್ಟಿದ್ದರೆ ಹೊರಡುವವರ ಕೈಗೆ ಒಂದೊಂದು ಕೊಡಬಹುದು. ಮನೆಯಲ್ಲಿ ಉಳಿದ ಗ್ರೇವಿ ಮೂರು ದಿನ ಬರುತ್ತದೆ, ಅನ್ನವನ್ನು ಮಾರನೆಯ ದಿನವೇ ಮುಗಿಸಿ. ಮಲಗುವ ಮುಂಚೆ ಮೆನು ಬರೆದ ಅದೇ ಕಾಗದದ ಮೇಲೆ ಯಾವುದು ಎಷ್ಟು ಉಳಿಯಿತು, ಯಾವ ಬಟ್ಟಲು ಮೊದಲು ಖಾಲಿಯಾಯಿತು ಅಂತ ಗುರುತು ಹಾಕಿಡಿ. ನಾನು ಕೊಟ್ಟಿರುವ ಗ್ರಾಂ ಲೆಕ್ಕ ಸಾಮಾನ್ಯದ್ದು, ನಿಮ್ಮ ಮನೆಗೆ ಬರುವವರ ಲೆಕ್ಕ ಆ ಕಾಗದದ ಮೇಲೆ ಇರುತ್ತದೆ, ಮುಂದಿನ ಸಲ ಅಕ್ಕಿ ಅಳೆಯುವಾಗ ಅದನ್ನೇ ನೋಡಿ.